ನಕಲು ಕಾರ್ಡಿನ ರೈಲು

ನನಗೆ ಇಪ್ಪತ್ತಾರು ವರ್ಷವಿದ್ದಾಗ ಬೆನ್ನುಮೂಳೆಗೆ ಟಿಬಿ ಬಂತು. ಟಿಬಿ ಅಂದರೆ ಕೆಮ್ಮು, ಎದೆ ಎಂದಷ್ಟೇ ತಿಳಿದಿದ್ದ ನಮ್ಮ ಮನೆಯವರಿಗೆ ಅದು ಬೆನ್ನಿಗೂ ಬರುತ್ತದೆ ಎನ್ನುವುದೇ ಗೊತ್ತಿರಲಿಲ್ಲ. ಆಗ ನಾನು ಯಶವಂತಪುರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುತ್ತಿದ್ದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸಂಘಗಳ ವಾರ್ಷಿಕ ವರದಿ ಎಂದು ದಿನವಿಡೀ ಕೂತು ಟೈಪ್ ಮಾಡುವುದರಿಂದಲೇ ಬೆನ್ನು ನೋಯುತ್ತಿದೆ ಅಂದುಕೊಂಡು ಆರು ತಿಂಗಳು ಮುಲಾಮು ಹಚ್ಚಿದೆ. ಒಂದು ಬೆಳಿಗ್ಗೆ ಯಲಹಂಕದಲ್ಲಿ ಬಸ್ ಹತ್ತಲು ಹೋದರೆ ಎಡಗಾಲು ಮೆಟ್ಟಿಲಿನವರೆಗೂ ಏಳಲಿಲ್ಲ. ಹಿಂದೆ ನಿಂತಿದ್ದ ಹೆಂಗಸೊಬ್ಬರು, "ಹತ್ತಿ, ಇಲ್ಲಾಂದ್ರೆ ದಾರಿ ಬಿಡಿ," ಅಂದರು. ನಾನು ದಾರಿ ಬಿಟ್ಟೆ.

ಮೂಳೆ ಡಾಕ್ಟರು ಸ್ಕ್ಯಾನ್ ನೋಡಿ ಮಲಗಿಸಿಬಿಟ್ಟರು. ಒಂದೂವರೆ ವರ್ಷ ಮಾತ್ರೆ, ಅದರಲ್ಲಿ ಮೊದಲ ಏಳೆಂಟು ತಿಂಗಳು ಹಾಸಿಗೆ. ಪಕ್ಕಕ್ಕೆ ಹೊರಳುವಾಗಲೂ ಯಾರಾದರೂ ಹಿಡಿದುಕೊಳ್ಳಬೇಕು. "ಇದು ಇನ್ನೊಬ್ಬರಿಗೆ ಹರಡಲ್ಲ, ಹೆದರಬೇಡಿ," ಎಂದು ಅವರು ಅಮ್ಮನಿಗೆ ಎರಡು ಸಲ ಹೇಳಿದರು. ಅಮ್ಮ ಅದನ್ನು ನೆಂಟರಿಗೆಲ್ಲ ಹೇಳಿದಳು. ನೆಂಟರು ತಲೆ ಆಡಿಸಿದರು, ಆಮೇಲೆ ಬರುವುದನ್ನು ಕಡಿಮೆ ಮಾಡಿದರು. ಆ ವರ್ಷ ನನ್ನ ಮದುವೆ ಮಾತಾಗಿತ್ತು. ಹುಡುಗನ ಮನೆಯವರು ಜಗಳವಾಡಲಿಲ್ಲ, ಏನೂ ಅನ್ನಲಿಲ್ಲ. ಫೋನ್ ಮಾಡುವುದನ್ನು ನಿಲ್ಲಿಸಿದರು, ಅಷ್ಟೆ. ಅವರ ಕಡೆಯ ಲಗ್ನಪತ್ರಿಕೆಯನ್ನು ನಾನೇ ಟೈಪ್ ಮಾಡಿ ಇಟ್ಟಿದ್ದೆ, ಅದು ಪ್ರೆಸ್ಸಿನ ಕಂಪ್ಯೂಟರಿನಲ್ಲೇ ಉಳಿಯಿತು.

ಅಮ್ಮ ಹುಣಸಮಾರನಹಳ್ಳಿಯ ಒಂದು ಶಾಲೆಯಲ್ಲಿ ಟೀಚರು. ಅಪ್ಪ, ಅಣ್ಣ ಇಬ್ಬರಿಗೂ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಮನೆ ಖಾಲಿಯಾದರೆ ಸಂಜೆ ನಾಲ್ಕೂವರೆಗೆ ಅಮ್ಮ ಬರುವವರೆಗೆ ನಾನೊಬ್ಬಳೇ. ಮಧ್ಯದಲ್ಲಿ ಒಂದು ಸಲ ಪಕ್ಕದ ಮನೆಯ ಅಜ್ಜಿ ಬಂದು ಬಾಗಿಲಲ್ಲೇ ನಿಂತು, "ಏನಾರ ಬೇಕೇನವ್ವಾ?" ಎಂದು ಕೇಳಿ ಹೋಗುತ್ತಿದ್ದರು. ಏನೂ ಬೇಡ ಅನ್ನುತ್ತಿದ್ದೆ. ಬೇಕಾದದ್ದನ್ನು ಕೇಳುವ ಹಾಗಿರಲಿಲ್ಲ. ಕೂತು ಸ್ವಲ್ಪ ಹೊತ್ತು ಮಾತಾಡಿ ಅಂತ ಹೇಗೆ ಕೇಳುವುದು?

ಟಿವಿ ಹಾಲಿನಲ್ಲಿತ್ತು, ನನ್ನ ಹಾಸಿಗೆ ಒಳಕೋಣೆಯಲ್ಲಿ. ಪುಸ್ತಕ ಎತ್ತಿ ಹಿಡಿದರೆ ಹತ್ತು ನಿಮಿಷಕ್ಕೆ ತೋಳು ಸೋಲುತ್ತಿತ್ತು. ಒಂದು ಶನಿವಾರ ಅಣ್ಣ ಮೆಜೆಸ್ಟಿಕ್ ಕಡೆಯಿಂದ ಒಂದು ಸಣ್ಣ ಗೇಮ್ ತಂದುಕೊಟ್ಟ. ಕನ್ನಡಕದ ಡಬ್ಬಿಯ ಹಾಗೆ ಮಡಚುವಂಥದ್ದು, ತೆರೆದರೆ ಮೇಲೊಂದು ಪರದೆ, ಕೆಳಗೊಂದು ಪರದೆ, ಮುಟ್ಟಿ ಆಡಲು ಒಂದು ಕಡ್ಡಿ. ಹಗುರವಾಗಿತ್ತು. ಎದೆಯ ಮೇಲೆ ಇಟ್ಟುಕೊಂಡೇ ಆಡಬಹುದಿತ್ತು.

"ಒಂದೊಂದು ಗೇಮಿಗೂ ಒಂದೊಂದು ಕ್ಯಾಸೆಟ್ ಹಾಕ್ಬೇಕಂತೆ ಕಣೇ," ಅಂದ ಅಣ್ಣ, "ಅವೆಲ್ಲ ನಮ್ಮ ದೇಶದಲ್ಲಿ ಸರಿಯಾಗಿ ಸಿಗೋದೇ ಇಲ್ವಂತೆ. ಅಂಗಡಿಯವನು ಇದನ್ನ ಹಾಕ್ಕೊಟ್ಟ. ಇದೊಂದಿದ್ರೆ ಸಾಕಂತೆ."

ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಾರ್ಡು. ಅದರ ಪಕ್ಕದಲ್ಲಿ ಸೀಳು, ಸೀಳಿನೊಳಗೆ ಮೊಬೈಲಿಗೆ ಹಾಕುವ ಮೆಮೊರಿ ಕಾರ್ಡು. ಆ ಮೆಮೊರಿ ಕಾರ್ಡಿನಲ್ಲಿ ಅಂಗಡಿಯವನು ನೂರಾರು ಗೇಮ್ ತುಂಬಿದ್ದ. ಅಣ್ಣ ಬಿಲ್ಲನ್ನೂ ತಂದಿದ್ದ. ಬಿಲ್ ಕೊಟ್ಟ ಮೇಲೆ ಅದು ನಮ್ಮದು, ನ್ಯಾಯವಾಗಿ ಕೊಂಡದ್ದು ಎಂದೇ ಇಬ್ಬರೂ ತಿಳಿದೆವು. ಬೇರೆ ಥರ ಯೋಚಿಸಲು ನನಗೆ ಕಾರಣವೂ ಇರಲಿಲ್ಲ. ಪ್ರೆಸ್ಸಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಸಾಫ್ಟ್‌ವೇರು, ಕನ್ನಡ ಅಕ್ಷರಗಳ ಫಾಂಟುಗಳು, ಎಲ್ಲವೂ ಕೈಯಿಂದ ಕೈಗೆ ಬಂದ ಒಂದು ಸಿ.ಡಿ.ಯಿಂದ ಹಾಕಿಕೊಂಡವು. ಆ ಅಕ್ಷರಗಳ ಸುತ್ತು, ಕೊಂಬುಗಳನ್ನೆಲ್ಲ ಯಾರೋ ಕೂತು ಬರೆದಿರಬೇಕು ಎಂಬ ಯೋಚನೆ ನನಗೆ ಅಲ್ಲಿದ್ದ ನಾಲ್ಕು ವರ್ಷದಲ್ಲಿ ಒಂದು ದಿನವೂ ಬಂದಿರಲಿಲ್ಲ.

ನೂರಾರು ಗೇಮುಗಳಲ್ಲಿ ಹೆಚ್ಚಿನವು ಗುದ್ದಾಡುವುದು, ಓಡುವುದು. ನಾನು ಹಿಡಿದುಕೊಂಡದ್ದು ಒಂದನ್ನೇ. ಅದರಲ್ಲಿ ಒಬ್ಬ ಹುಡುಗಿ ಕಳೆದುಹೋದ ತನ್ನ ತಂಗಿಯನ್ನು ಹುಡುಕಿಕೊಂಡು ಊರೂರು ತಿರುಗುತ್ತಾಳೆ. ಸಿಕ್ಕವರನ್ನೆಲ್ಲ ಮಾತಾಡಿಸಬೇಕು, ಅವರ ಸಣ್ಣಪುಟ್ಟ ಕೆಲಸ ಮಾಡಿಕೊಡಬೇಕು, ಅವರು ಮುಂದಿನ ದಾರಿ ಹೇಳುತ್ತಾರೆ. ಮಾತೆಲ್ಲ ಇಂಗ್ಲಿಷಿನಲ್ಲಿ ಅಕ್ಷರವಾಗಿ ಬರುತ್ತಿತ್ತು, ನಾನು ಮನಸ್ಸಿನಲ್ಲೇ ಕನ್ನಡ ಮಾಡಿಕೊಳ್ಳುತ್ತಿದ್ದೆ. ಮೂರು ವಾರದಲ್ಲಿ ಹುಡುಗಿ ಒಂದು ರೈಲು ಹತ್ತಿದಳು. ಕೊನೆಯ ಸ್ಟೇಷನ್ನಿನಲ್ಲಿ ತಂಗಿ ಇದ್ದಾಳೆ ಎಂದು ಗೊತ್ತಾಗಿತ್ತು.

ರೈಲಿನಲ್ಲಿ ಆರು ಜನ. ಮೊಟ್ಟೆಯ ಬುಟ್ಟಿ ಇಟ್ಟುಕೊಂಡ ಒಬ್ಬ ಹೆಂಗಸು, ರಜೆಯ ಮೇಲೆ ಊರಿಗೆ ಹೊರಟ ಸಿಪಾಯಿ, ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುವ ವಿದ್ಯಾರ್ಥಿ, ಒಬ್ಬ ತಾಯಿ ಮತ್ತು ಮಗು, ಪಿಟೀಲಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡ ಮುದುಕ. ಇವರಲ್ಲದೆ ಓಡಾಡುವ ಟಿಕೆಟ್ ಕಲೆಕ್ಟರ್ ಒಬ್ಬ. ಮುದುಕನನ್ನು ಮಾತಾಡಿಸಿದರೆ, "ಮುಂದೆ ಚಳಿ ಜಾಸ್ತಿ ಮಗಳೇ, ಶಾಲು ಹೊದ್ದುಕೋ," ಅನ್ನುತ್ತಿದ್ದ. ಟಿಕೆಟ್ ಕಲೆಕ್ಟರನನ್ನು ಕೇಳಿದರೆ, "ಇನ್ನೇನು ಬಂತು," ಅನ್ನುತ್ತಿದ್ದ. ಕಿಟಕಿಯಾಚೆ ಬೆಟ್ಟ, ಸೇತುವೆ, ಗದ್ದೆ, ಮತ್ತೆ ಬೆಟ್ಟ.

ರೈಲು ತಲುಪಲಿಲ್ಲ. ಮೊದಲ ದಿನ ಒಂದು ಗಂಟೆ ಕಾದೆ. ಮಾರನೆಯ ದಿನ ಊಟದವರೆಗೂ ಕಾದೆ. ಯಾರಿಗೋ ಏನೋ ಹೇಳಬೇಕು, ಅದನ್ನು ನಾನು ಹೇಳುತ್ತಿಲ್ಲ ಎಂದುಕೊಂಡು ಆರೂ ಜನರನ್ನು ಬೇರೆ ಬೇರೆ ಕ್ರಮದಲ್ಲಿ ಮಾತಾಡಿಸಿದೆ. ಮೊದಲು ಸಿಪಾಯಿ, ಆಮೇಲೆ ತಾಯಿ. ಮೊದಲು ಮುದುಕ, ಆಮೇಲೆ ವಿದ್ಯಾರ್ಥಿ. ಯಾವ ಕ್ರಮ ಆಯಿತು, ಯಾವುದು ಉಳಿಯಿತು ಎಂದು ಹಾಸಿಗೆಯ ಪಕ್ಕದ ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಅಣ್ಣನನ್ನು ಕೇಳಿದರೆ, "ಕೆಲವು ಗೇಮ್ ಹಂಗೇ ಇರ್ತವೆ, ಮುಗಿಯೋದೇ ಇಲ್ಲ. ಬೇರೆದು ಆಡೇ," ಅಂದ.

ಬೇರೆಯದನ್ನು ಆಡಲಿಲ್ಲ. ಒಂದು ತಿಂಗಳಾದ ಮೇಲೆ ಕ್ರಮ ಬರೆಯುವುದನ್ನೂ ಬಿಟ್ಟೆ. ಬೆಳಿಗ್ಗೆ ಅಮ್ಮ ಗೇಟಿನ ಚಿಲಕ ಹಾಕಿದ ಸದ್ದು ಕೇಳಿದ ಕೂಡಲೇ ಗೇಮಿನ ಡಬ್ಬಿ ತೆರೆದು ರೈಲಿಗೆ ಹೋಗುತ್ತಿದ್ದೆ. ಎಲ್ಲರನ್ನೂ ಒಂದು ಸುತ್ತು ಮಾತಾಡಿಸಿ, ಹಾಗೇ ಎದೆಯ ಮೇಲಿಟ್ಟುಕೊಂಡು ಅವರ ಜೊತೆ ಇರುತ್ತಿದ್ದೆ. ರೈಲಿನ ಚಕ್ರದ ಸದ್ದು ಸಣ್ಣಗೆ ಬರುತ್ತಿತ್ತು. ಮಾತ್ರೆ ನುಂಗಿ ಹೊಟ್ಟೆ ತೊಳಸುವಾಗ ಮುದುಕನ ಹತ್ತಿರ ಹೋಗಿ ಶಾಲು ಹೊದ್ದುಕೋ ಅನ್ನಿಸಿಕೊಂಡು ಬರುತ್ತಿದ್ದೆ. ಆ ವರ್ಷ ಅಷ್ಟು ಸಲ ನನ್ನನ್ನು ಮಗಳೇ ಅಂದವರು ಬೇರೆ ಯಾರೂ ಇಲ್ಲ. ಇಂಗ್ಲಿಷಿನಲ್ಲಿ ಅವನು ಅದನ್ನು ಅಂದಿದ್ದನೋ ಇಲ್ಲವೋ, ನಾನು ಸೇರಿಸಿಕೊಂಡಿದ್ದೇನೋ, ಈಗ ನೆನಪಿಲ್ಲ. ಹೀಗೆ ನಾಲ್ಕು ತಿಂಗಳು. ನಾನು ಮೊದಲು ಗೋಡೆ ಹಿಡಿದು, ಆಮೇಲೆ ಬೆನ್ನಿಗೆ ಬೆಲ್ಟ್ ಕಟ್ಟಿಕೊಂಡು ನಡೆಯಲು ಶುರುಮಾಡಿದಾಗ ಡಬ್ಬಿಯನ್ನು ಬೀರುವಿನಲ್ಲಿಟ್ಟೆ. ಆಗಲೂ ರೈಲು ತಲುಪಿರಲಿಲ್ಲ.

ಐದು ವರ್ಷ ಕಳೆಯಿತು. ಪ್ರೆಸ್ಸು ಮುಚ್ಚಿತು. ಹೆಬ್ಬಾಳದ ಫ್ಲೈಓವರಿನ ಹತ್ತಿರ, ಮಕ್ಕಳ ಪಾಠಗಳನ್ನು ಕಂಪ್ಯೂಟರಿಗೆ ಹಾಕುವ ಒಂದು ಆಫೀಸಿನಲ್ಲಿ ಕನ್ನಡ ಪಾಠ ಟೈಪ್ ಮಾಡಿ ತಿದ್ದುವ ಕೆಲಸ ಸಿಕ್ಕಿತು. ಆಫೀಸಿನಲ್ಲಿ ಎಲ್ಲರೂ ನನಗಿಂತ ಚಿಕ್ಕವರು. ಊಟಕ್ಕೆ ಗುಂಪುಗುಂಪಾಗಿ ಹೊರಗೆ ಹೋಗುತ್ತಿದ್ದರು. ನನಗೆ ಬೇಗಬೇಗ ನಡೆಯಲು ಆಗದು, ಜಾಸ್ತಿ ಹೊತ್ತು ಸ್ಟೂಲಿನ ಮೇಲೆ ಕೂರಲೂ ಆಗದು. ಊಟದ ಡಬ್ಬಿ ಹಿಡಿದುಕೊಂಡು ಟೆರೇಸಿಗೆ ಹೋಗುತ್ತಿದ್ದೆ. ಅಲ್ಲಿ ಇನ್ನೊಬ್ಬರು ಬರುತ್ತಿದ್ದರು.

ಅವರು ನನ್ನದೇ ವಯಸ್ಸಿನವರು. ಪಾಠಗಳಲ್ಲಿ ತಪ್ಪಿದೆಯೇ, ಒತ್ತಿದ ಬಟನ್ನು ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವ ಕೆಲಸ ಅವರದು. ಯಶವಂತಪುರದಲ್ಲಿ ತಾಯಿಯ ಜೊತೆ ಇದ್ದರು. ಮಾತು ಕಡಿಮೆ. ಎರಡು ತಿಂಗಳು ನಾವು ಟೆರೇಸಿನ ಎರಡು ತುದಿಯಲ್ಲಿ ಕೂತು ಉಂಡೆವು. ಆಮೇಲೆ ಒಂದು ದಿನ ಬಿಸಿಲಿಗೆ ನೀರಿನ ಟ್ಯಾಂಕಿನ ನೆರಳೊಂದೇ ಉಳಿದಿದ್ದರಿಂದ ಒಂದೇ ಕಡೆ ಕೂರಬೇಕಾಯಿತು. "ಊಟ ಆಯ್ತಾ ಮೇಡಂ?" ಎಂದು ಶುರುವಾದದ್ದು ದಿನವೂ ನಡೆಯಿತು. ನನ್ನ ಕಾಯಿಲೆಯ ವಿಷಯವನ್ನು ನಾನು ಆಫೀಸಿನಲ್ಲಿ ಹೇಳಿದ್ದು ಅವರೊಬ್ಬರಿಗೇ. ಅವರು ಪಾಪ ಅನ್ನಲಿಲ್ಲ. "ಹಗಲು ಹೊತ್ತು ಏನ್ ಮಾಡ್ತಿದ್ರಿ?" ಎಂದು ಕೇಳಿದರು. ಹಾಗೆ ಕೇಳಿದವರೂ ಅವರೊಬ್ಬರೇ.

ನಾನು ರೈಲಿನ ಕತೆ ಹೇಳಿದೆ. ತಮಾಷೆಯ ಹಾಗೆಯೇ ಹೇಳಿದೆ. ಮೊಟ್ಟೆಯ ಬುಟ್ಟಿ, ಸಿಪಾಯಿ, ಇನ್ನೇನು ಬಂತು ಅನ್ನುವ ಟಿಕೆಟ್ ಕಲೆಕ್ಟರ್. ಹೇಳುತ್ತಾ ಹೋದ ಹಾಗೆ ಅವರು ಚಮಚ ಡಬ್ಬಿಯಲ್ಲಿಟ್ಟು ಕೂತರು.

"ಪಿಟೀಲಿನ ಪೆಟ್ಟಿಗೆ ಇಟ್ಕೊಂಡ ಮುದುಕ ಇದ್ದನಾ?" ಅಂದರು.

"ಇದ್ದ. ನಿಮಗೆ ಹೇಗೆ ಗೊತ್ತು?"

"ಎಷ್ಟು ಹೊತ್ತು ಕಾದ್ರಿ ಮೇಡಂ?"

"ಹೊತ್ತಲ್ಲ. ನಾಲ್ಕು ತಿಂಗಳು."

ಅವರು ಊಟದ ಡಬ್ಬಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ಕೆಳಗೆ ಏರ್‌ಪೋರ್ಟ್ ರಸ್ತೆಯ ಗಾಡಿಗಳ ಸದ್ದು ಒಂದೇ ಸಮ ಬರುತ್ತಿತ್ತು.

"ನಿಮ್ಮದು ಒರಿಜಿನಲ್ ಅಲ್ಲ, ಅಲ್ವಾ?" ಅಂದರು. "ಮೆಮೊರಿ ಕಾರ್ಡ್ ಹಾಕೋ ಅಂಥದ್ದು."

ಹೌದು ಅಂದೆ. ಅವರು ಹೇಳಿದ್ದು ಇದು. ಮೊದಲು ಅವರು ಹೆಬ್ಬಾಳದಲ್ಲೇ ಇನ್ನೊಂದು ಸಣ್ಣ ಆಫೀಸಿನಲ್ಲಿದ್ದರು, ಅದು ಆಮೇಲೆ ಮುಚ್ಚಿತು. ಹೊರದೇಶದಲ್ಲಿ ಮಾಡಿದ ಗೇಮುಗಳನ್ನು ಮಾರಾಟಕ್ಕೆ ಬಿಡುವ ಮುಂಚೆ ಅಲ್ಲಿ ಹನ್ನೆರಡು ಜನ ಕೂತು ಆಡಿ ತಪ್ಪು ಹುಡುಕುತ್ತಿದ್ದರು. ಈ ಗೇಮೂ ಅಲ್ಲಿಗೆ ಬಂದಿತ್ತು. ಮಾಡಿದವರು ಅದರೊಳಗೆ ಒಂದು ಉಪಾಯ ಇಟ್ಟಿದ್ದರು. ಒಳಗೆ ಸಿಕ್ಕಿಸಿರುವುದು ನಿಜವಾದ ಕ್ಯಾಸೆಟ್ಟೋ, ಕಾಪಿ ತುಂಬಿದ ಕಾರ್ಡೋ ಎಂದು ಗೇಮು ತಾನೇ ನೋಡಿಕೊಳ್ಳುತ್ತಿತ್ತು. ಕಾಪಿಯಾದರೆ ಬೈಯುತ್ತಿರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ರೈಲನ್ನು ಮಾತ್ರ ಸ್ಟೇಷನ್ನಿಗೆ ಬಿಡುತ್ತಿರಲಿಲ್ಲ.

"ಆರು ವಾರ ನನ್ನ ಕೆಲಸ ಅದೇ," ಅಂದರು. "ನಿಮ್ಮ ಹತ್ರ ಇದ್ದಂಥ ಕಾರ್ಡುಗಳನ್ನೇ ಒಂದೊಂದಾಗಿ ಹಾಕಿ ಆ ಟ್ರೇನಲ್ಲಿ ಕೂರೋದು. ತಲುಪಬಾರದು. ತಲುಪಿಬಿಟ್ರೆ ತಪ್ಪು ಅಂತ ಬರ್ದು ಕಳಿಸ್ಬೇಕು."

ನನಗೆ ಮೊದಲು ಬಂದದ್ದು ನಾಚಿಕೆ. ಕಿವಿ ಬಿಸಿಯಾಯಿತು. ಅದರ ಹಿಂದೆಯೇ ಸಿಟ್ಟು ಬಂತು. ನಾನು ಅಲ್ಲಾಡಲೂ ಆಗದೆ ಮಲಗಿದ್ದಾಗ, ಯಾರೋ ಬೇಕಂತಲೇ ನನ್ನನ್ನು ಆ ರೈಲಿನಲ್ಲಿ ಕೂರಿಸಿದ್ದರು. ಹಾಗೆಂದೆ ಕೂಡ.

"ಬೇಜಾರಾಗಿ ಬಿಟ್ಟುಬಿಡ್ಲಿ ಅಂತ ಮಾಡಿದ್ದು ಮೇಡಂ," ಅಂದರು. "ಒಂದು ಗಂಟೆ, ಹೆಚ್ಚಂದ್ರೆ ಎರಡು. ಬಿಡದೇ ಇರೋರೂ ಇರ್ತಾರೆ ಅಂತ ನಾವು ಯಾರೂ ಅಂದ್ಕೊಂಡಿರ್ಲಿಲ್ಲ. ಯಾರು ಕೂತಿದಾರೆ ಅಂತ ಟ್ರೇನಿಗೇನು ಗೊತ್ತಾಗುತ್ತೆ?"

ಆ ದಿನ ಮಧ್ಯಾಹ್ನ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ನಾಲ್ಕು ತಿಂಗಳು ರೈಲಿನಲ್ಲಿ ನನ್ನ ಜೊತೆ ಇದ್ದವರು ನನ್ನನ್ನು ಕಳ್ಳಿ ಎಂದು ತಿಳಿದೇ ಮಾತಾಡಿಸುತ್ತಿದ್ದರೇನೋ ಎಂದು ಅನ್ನಿಸುತ್ತಿತ್ತು. ಅವರಿಗೆ ತಿಳಿಯುವಂಥದ್ದು ಏನೂ ಇಲ್ಲ, ಅವರು ಚಿತ್ರಗಳು ಎಂದು ಗೊತ್ತಿದ್ದರೂ ಹಾಗನ್ನಿಸಿತು.

ಮುಂದಿನ ಎಷ್ಟೋ ದಿನ ನಾವು ಟೆರೇಸಿನಲ್ಲಿ ಇದನ್ನೇ ಮಾತಾಡಿದೆವು. ನಾನು ವಾದ ಹೂಡುತ್ತಿದ್ದೆ. ನಮ್ಮ ಊರಿನ ಯಾವ ಅಂಗಡಿಯಲ್ಲೂ ಆ ಗೇಮು ಇರಲಿಲ್ಲ. ಇಲ್ಲದ್ದನ್ನು ಕೊಳ್ಳುವುದು ಹೇಗೆ? ಅಣ್ಣ ಬಿಲ್ ಕೇಳಿ ತಂದಿದ್ದ. ಮೋಸ ಮಾಡಿದ್ದರೆ ಅಂಗಡಿಯವನು ಮಾಡಿದ್ದು.

ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳುತ್ತಿದ್ದರು. "ಕಾರ್ಡ್ ತಗೊಂಡಿದ್ದು ತಪ್ಪಲ್ಲ," ಅಂದರು ಒಮ್ಮೆ. "ಕಾರ್ಡು ಖಾಲಿ ಡಬ್ಬಿ ಇದ್ದಂಗೆ. ತಾವೇ ಸಣ್ಣ ಗೇಮ್ ಬರ್ದು ಅದರಲ್ಲಿ ಹಾಕಿ ಆಡೋರಿದಾರೆ. ತಾವು ಕೊಂಡಿರೋ ಕ್ಯಾಸೆಟ್ಟಿನ ಕಾಪಿ ಇಟ್ಕೊಳ್ಳೋರಿದಾರೆ. ನಮ್ಮ ಆಫೀಸಲ್ಲೇ ರಾಶಿ ಇತ್ತು. ಆದ್ರೆ ನಿಮ್ಮ ಡಬ್ಬಿ ತುಂಬಿದ್ದವನು ಯಾರನ್ನ ಕೇಳಿ ತುಂಬಿದ?"

"ಯಾರನ್ನೂ ಕೇಳಿರಲ್ಲ."

"ಅಷ್ಟೇ ಮತ್ತೆ."

"ನನಗೆ ಬೇಕಿತ್ತು ಕಣ್ರೀ. ಆ ಹೊತ್ತಿಗೆ ಅದು ಇಲ್ಲದಿದ್ರೆ ನನಗೆ ಏನಾಗ್ತಿತ್ತೋ ಗೊತ್ತಿಲ್ಲ."

"ಬೇಕಿತ್ತು ಅನ್ನೋದು ನಿಜ," ಅಂದರು. "ಅದು ಕದ್ದಿದ್ದು ಅನ್ನೋದೂ ನಿಜ. ಒಂದು ನಿಜ ಆದ್ರೆ ಇನ್ನೊಂದು ಸುಳ್ಳಾಗ್ಬೇಕು ಅಂತೇನಿಲ್ವಲ್ಲ."

ಪ್ರೆಸ್ಸಿನ ಸಿ.ಡಿ.ಯ ವಿಷಯ ಹೇಳಿದೆ. ಹಾಗಿದ್ದರೆ ನೀವು ಎರಡು ಕಡೆ ಕದ್ದಿದ್ದೀರಿ ಎಂದು ನಕ್ಕರು. ಅವರ ಹಳೆಯ ಆಫೀಸು ಮುಚ್ಚಿದ್ದು ಈ ಕಾಪಿಗಳಿಂದಲೇ ಇರಬೇಕು ಎಂದು ನಾನು ಅಂಜಿಕೊಂಡೇ ಕೇಳಿದಾಗ ಅವರು ಹೌದು ಎನ್ನಬಹುದಿತ್ತು. ಅನ್ನಲಿಲ್ಲ. "ಅದೂ ಇರ್ಬಹುದು. ಆದ್ರೆ ಅಷ್ಟರಲ್ಲಿ ಎಲ್ಲರ ಕೈಯಲ್ಲೂ ಫೋನ್ ಬಂತು, ಫೋನಲ್ಲೇ ಗೇಮ್ ಬಂತು. ಯಾರ ಮೇಲೆ ಹಾಕೋದು?" ಅಂದರು.

ಒಂದು ದಿನ ಅವರೇ ಇನ್ನೊಂದು ವಿಷಯ ಹೇಳಿದರು. ಆ ಗೇಮು ಮುಗಿದ ಮೇಲೆ ಅದನ್ನು ಮಾಡಿದವರ ಹೆಸರುಗಳು ಒಂದೊಂದಾಗಿ ಬರುತ್ತವೆ. ಪರೀಕ್ಷೆ ಮಾಡಿದವರದೂ ಬರುತ್ತವೆ. ಅವರ ಆಫೀಸಿನ ಹನ್ನೆರಡು ಜನರಿಗೂ ಹೆಸರಿನ ಸ್ಪೆಲ್ಲಿಂಗ್ ಕೇಳಿ ಪತ್ರ ಬಂದಿತ್ತು. ಅವರು ತಂದೆಯ ಹೆಸರಿನ ಮೊದಲಕ್ಷರವನ್ನೂ ಸೇರಿಸಿ ಕಳಿಸಿದ್ದರು. ಆದರೆ ಅವರ ಕೈಗೆ ಬರುತ್ತಿದ್ದ ಪ್ರತಿಗಳಲ್ಲಿ ಆ ಭಾಗ ಇನ್ನೂ ಖಾಲಿ ಇತ್ತು. ಗೇಮು ಮಾರಾಟಕ್ಕೆ ಬಂದಾಗ ಅದನ್ನು ಕೊಳ್ಳುವುದಿರಲಿ, ಆಡುವ ಡಬ್ಬಿಯೇ ಅವರ ಬಳಿ ಇರಲಿಲ್ಲ.

"ಇಂಟರ್ನೆಟ್‌ನಲ್ಲಿ ಹುಡುಕಿದೀನಿ. ಯಾರೂ ಕೊನೇವರೆಗೂ ವಿಡಿಯೊ ಹಾಕಿಲ್ಲ," ಅಂದರು. "ನಾನು ಮಾಡಿದ್ರಲ್ಲಿ ನನ್ನ ಹೆಸರು ಇರೋದು ಅದೊಂದರಲ್ಲೇ. ಕೊನೇ ಸ್ಟೇಷನ್ ದಾಟಿದ ಮೇಲೆ ಬರುತ್ತೆ."

ಅದು ನನಗೆ ಚುಚ್ಚಿತು. ನನ್ನಂಥವರು ಎಷ್ಟು ಜನ ಆ ಗೇಮನ್ನು ಆಡಿದ್ದರೂ ಅವರ ಹೆಸರಿನವರೆಗೆ ಹೋಗಿರಲಾರರು. ಸಿಂಗಪುರದಲ್ಲಿದ್ದ ಚಿಕ್ಕಮ್ಮನ ಮಗಳಿಗೆ ಫೋನ್ ಮಾಡಿ, ಹೇಗಾದರೂ ಆ ಗೇಮಿನ ಒರಿಜಿನಲ್ ಹುಡುಕು ಎಂದೆ. ಅಷ್ಟರಲ್ಲಿ ಅದು ಅಂಗಡಿಗಳಲ್ಲಿ ಬರುವುದು ನಿಂತಿತ್ತು. ಯಾರೋ ಆಡಿ ಮಾರಿದ್ದೊಂದು ಅವಳಿಗೆ ಸಿಕ್ಕಿತು, ಊರಿಗೆ ಬಂದಾಗ ತಂದಳು. ಟೆರೇಸಿನಲ್ಲಿ ತೋರಿಸಿದಾಗ ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಸೆಕೆಂಡ್ ಹ್ಯಾಂಡ್ ಅಲ್ವಾ. ಇದರಿಂದ ಮಾಡಿದವ್ರಿಗೆ ದುಡ್ಡೇನೂ ತಲುಪಲ್ಲ," ಅಂದರು. "ಆದ್ರೂ ಇದು ಕಳ್ಳತನ ಅಲ್ಲ."

"ವಿಚಿತ್ರ ಅಲ್ವಾ?"

"ವಿಚಿತ್ರಾನೇ," ಅಂದರು.

ಬೀರುವಿನಿಂದ ಗೇಮಿನ ಡಬ್ಬಿ ತೆಗೆದು ಚಾರ್ಜಿಗೆ ಹಾಕಿದೆ. ಕ್ಯಾಸೆಟ್ಟಿನಲ್ಲಿ ಯಾವುದೋ ಮಗು ಆಡಿ ಅರ್ಧಕ್ಕೆ ಬಿಟ್ಟ ಎರಡು ಆಟಗಳು ಇನ್ನೂ ಇದ್ದವು, ಒಂದರಲ್ಲಿ ಹುಡುಗಿಗೆ ತನ್ನ ಹೆಸರನ್ನೇ ಇಟ್ಟಿತ್ತು. ಅವನ್ನು ಅಳಿಸಲು ಮನಸ್ಸಾಗದೆ ಮೂರನೆಯ ಜಾಗದಲ್ಲಿ ಹೊಸದಾಗಿ ಶುರುಮಾಡಿದೆ. ಈಗ ಮಲಗಿಕೊಂಡಿರಲಿಲ್ಲ, ಕೆಲಸವೂ ಇತ್ತು. ಭಾನುವಾರಗಳಲ್ಲಷ್ಟೇ ಆಡಿ ರೈಲು ಹತ್ತುವಷ್ಟರಲ್ಲಿ ಎರಡು ತಿಂಗಳಾಯಿತು. ಹತ್ತುವ ಮುಂಚೆ, ಬೇಕೆಂದಾಗ ಅಲ್ಲಿಗೇ ವಾಪಸು ಬರುವ ಹಾಗೆ ಆಟವನ್ನು ಉಳಿಸಿಟ್ಟೆ.

ಒಂದು ಭಾನುವಾರ ಮಧ್ಯಾಹ್ನ ಹತ್ತಿದೆ. ಆರೂ ಜನ ತಮ್ಮ ತಮ್ಮ ಜಾಗದಲ್ಲಿದ್ದರು. ಎಲ್ಲರನ್ನೂ ಒಂದು ಸುತ್ತು ಮಾತಾಡಿಸಿದೆ. ಮುದುಕ ಶಾಲು ಹೊದ್ದುಕೋ ಅಂದ. ಅದಾಗಿ ಸ್ವಲ್ಪ ಹೊತ್ತಿಗೆ, ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಿಗೆ, ಚಕ್ರದ ಸದ್ದು ನಿಧಾನವಾಯಿತು. ಟಿಕೆಟ್ ಕಲೆಕ್ಟರ್ ತಾನಾಗಿ ಬಂದು, ನಾನು ಎಂದೂ ಓದಿರದ ಮಾತೊಂದನ್ನು ಹೇಳಿದ. "ಎಲ್ಲರೂ ಇಳಿಯಿರಿ, ಸಾಮಾನು ಮರೆಯಬೇಡಿ." ಸಿಪಾಯಿ ಇಳಿದ. ಮೊಟ್ಟೆಯ ಹೆಂಗಸು ಇಳಿದಳು. ವಿದ್ಯಾರ್ಥಿ ಎದ್ದ, ನಿಂತರೆ ಅವನು ಅಷ್ಟು ಎತ್ತರ ಎಂದು ನನಗೆ ಗೊತ್ತಿರಲಿಲ್ಲ. ಕೊನೆಯಲ್ಲಿ ಮುದುಕ ಪೆಟ್ಟಿಗೆ ಎತ್ತಿಕೊಂಡು ಹೋದ. ತಿರುಗಿ ನೋಡಲಿಲ್ಲ. ಖಾಲಿ ಸೀಟುಗಳ ನಡುವೆ ಹುಡುಗಿ ಒಬ್ಬಳೇ ನಿಂತಿದ್ದಳು. ಸಂತೋಷವಾಗಬೇಕಿತ್ತು, ನನಗೆ ಅಳು ಬಂತು. ಅಮ್ಮ ಒಳಗೆ ಬಂದು ಬೆನ್ನು ನೋಯುತ್ತಿದೆಯಾ ಎಂದು ಕೇಳಿದಳು. ಹೌದು ಅಂದೆ.

ತಂಗಿ ಸಿಕ್ಕಳು, ಕತೆ ಮುಗಿಯಿತು. ಹೆಸರುಗಳು ಬರಲು ಶುರುವಾದವು. ಕತೆ ಬರೆದವರು, ಚಿತ್ರ ಬರೆದವರು, ಸಂಗೀತ. ಪರೀಕ್ಷೆ ಎನ್ನುವ ಸಾಲಿನ ಕೆಳಗೆ ಮೂರು ಹೆಸರಿದ್ದವು, ಮೂರೂ ಹೊರದೇಶದವು. ಅದರ ಕೆಳಗೆ ಎರಡೇ ಮಾತು, ಬೆಂಗಳೂರು ಟೀಮ್. ಅಲ್ಲಿಗೆ ಮುಗಿಯಿತು. ನಾನು ತಪ್ಪಿ ನೋಡಿರಬೇಕು ಎಂದು ಉಳಿಸಿಟ್ಟ ಜಾಗಕ್ಕೆ ಹೋಗಿ ಮತ್ತೆ ರೈಲು ಹತ್ತಿದೆ. ಎಲ್ಲರೂ ಮತ್ತೆ ಇಳಿದರು. ಮೂರನೆಯ ಸಲವೂ ನೋಡಿದೆ. ಹನ್ನೆರಡು ಜನರಲ್ಲಿ ಒಬ್ಬರ ಹೆಸರೂ ಇರಲಿಲ್ಲ.

ಆ ವಾರ ಟೆರೇಸಿನಲ್ಲಿ ಅವರು ದಿನವೂ ಕೇಳಿದರು, "ಎಲ್ಲಿಗೆ ಬಂದ್ರಿ ಮೇಡಂ?" ಇನ್ನೂ ರೈಲು ಹತ್ತಿಲ್ಲ ಅಂದೆ. ಮಾರನೆಯ ದಿನವೂ ಅದೇ ಅಂದೆ. ಶುಕ್ರವಾರ ಗೇಮಿನ ಡಬ್ಬಿ, ಚಾರ್ಜರು, ಕ್ಯಾಸೆಟ್ಟು ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿ ತಂದು ಅವರ ಕೈಗೆ ಕೊಟ್ಟೆ.

"ಟ್ರೇನ್ ಹತ್ತೋ ಕಡೆ ನಿಲ್ಲಿಸಿದೀನಿ. ಮುಂದಕ್ಕೆ ನೀವೇ ಆಡಿ," ಅಂದೆ.

ಅವರ ಮುಖ ಅರಳಿತು. ಅಷ್ಟು ದಿನದಲ್ಲಿ ಆ ಮುಖವನ್ನು ಹಾಗೆ ನಾನು ನೋಡಿರಲಿಲ್ಲ. "ಅಮ್ಮನ್ನೂ ಕೂರಿಸ್ಕೊಂಡು ನೋಡ್ತೀನಿ. ಆರು ವಾರ ಏನ್ ಕೆಲಸ ಮಾಡ್ದೆ ಅಂತ ಅವ್ರಿಗೆ ಇವತ್ತಿಗೂ ಅರ್ಥ ಆಗಿಲ್ಲ," ಅಂದರು.

ಆಗಲಾದರೂ ಹೇಳಬಹುದಿತ್ತು. ಬಾಯಿಗೆ ಬಂದಿತ್ತು. ಅವರು ಕವರನ್ನು ಬ್ಯಾಗಿನಲ್ಲಿ ಮೆತ್ತಗೆ ಇಟ್ಟುಕೊಳ್ಳುವುದನ್ನು ನೋಡುತ್ತ ಕೂತೆ.

ಸೋಮವಾರ ಅವರು ಟೆರೇಸಿಗೆ ಬರುವ ಮುಂಚೆಯೇ ಕವರು ನನ್ನ ಮೇಜಿನ ಮೇಲಿತ್ತು. ಚಾರ್ಜರಿನ ವಯರನ್ನು ಅಚ್ಚುಕಟ್ಟಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಊಟದ ಹೊತ್ತಿಗೆ ಬಂದರು, ಕೂತರು.

"ಚಾರ್ಜರ್ ಪಿನ್ ಸ್ವಲ್ಪ ಲೂಸಿದೆ. ನೋಡ್ಕೊಳ್ಳಿ," ಅಂದರು.

"ನೋಡ್ಕೋತೀನಿ," ಅಂದೆ.

ಅಷ್ಟೇ. ಆಮೇಲೆ ನಾವು ಎಂದೂ ಆ ಗೇಮಿನ ಮಾತಾಡಲಿಲ್ಲ. ಆಫೀಸು, ಮಳೆ, ಹೆಬ್ಬಾಳದ ಟ್ರಾಫಿಕ್ಕು, ಅವರ ತಾಯಿಯ ಮಂಡಿನೋವು, ಇಷ್ಟೇ ಆಯಿತು. ಕೆಲವು ದಿನ ಅವರು ಟೆರೇಸಿಗೆ ಬರುತ್ತಿರಲಿಲ್ಲ. ಬಂದ ದಿನ ಮೊದಲಿನಷ್ಟೇ ಮರ್ಯಾದೆಯಿಂದ "ಊಟ ಆಯ್ತಾ ಮೇಡಂ?" ಎಂದು ಕೇಳುತ್ತಿದ್ದರು. ಅವರಿಗೆ ಬೇಜಾರು ನನ್ನ ಮೇಲೋ, ಆ ಹೆಸರು ಬಿಟ್ಟವರ ಮೇಲೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಎಂಟು ತಿಂಗಳ ಮೇಲೆ ಅವರಿಗೆ ಬೇರೆ ಕಡೆ ಕೆಲಸ ಸಿಕ್ಕಿತು. ಕೊನೆಯ ದಿನ ಆಫೀಸಿನ ಹುಡುಗರು ಕೇಕ್ ತಂದರು, ಫೋಟೊ ತೆಗೆದರು. ನಾನು ಆರು ಗಂಟೆಗೆ ಮೆಟ್ಟಿಲಿಳಿಯುವಾಗ ಅವರು ಹಿಂದೆಯೇ ಬಂದು, ನನ್ನ ನಡಿಗೆಗೆ ಸರಿಯಾಗಿ ನಿಧಾನ ಮಾಡಿದರು.

"ಮೇಡಂ, ನೀವು ಕೊಡೋ ಮುಂಚೆ ಪೂರ್ತಿ ನೋಡಿದ್ರಿ, ಅಲ್ವಾ?" ಅಂದರು.

"ಹೌದು. ಮೂರು ಸಲ."

"ಹೇಳ್ಬಹುದಿತ್ತು."

"ಹೇಳ್ಬೇಕಿತ್ತು," ಅಂದೆ. "ನನ್ನ ಬಾಯಿಂದ ಮೊದಲೇ ಕೇಳಿಸ್ಕೊಂಡಿದ್ರೆ ಬೇರೆ ಇತ್ತು. ನಿಮ್ಮ ತಾಯಿ ಮುಂದೆ ಹಾಗೆ ಆಗೋಕೆ ಬಿಟ್ಟೆ. ನನ್ನ ತಪ್ಪು."

ಅವರು ಇನ್ನೆರಡು ಮೆಟ್ಟಿಲು ಇಳಿದರು. "ಅಮ್ಮಂಗೆ ಇಂಗ್ಲಿಷ್ ಓದೋಕೆ ಬರಲ್ಲ," ಅಂದರು. "ಅದೇ ಕಣಮ್ಮಾ ನನ್ನ ಹೆಸರು, ಬಂತಲ್ಲ, ಅಂತ ತೋರಿಸ್ದೆ. ಖುಷಿ ಪಟ್ರು."

ಕೆಳಗೆ ಬಂದಾಗ ಹೆಲ್ಮೆಟ್ ಹಾಕಿಕೊಂಡು, ಹುಷಾರಾಗಿ ಹೋಗಿ ಎಂದು ಹೇಳಿ ಗಾಡಿ ತೆಗೆದರು. ಮೊದಲ ಯುಗಾದಿಗೆ ಅವರಿಂದ ಒಂದು ಶುಭಾಶಯ ಬಂತು, ನಾನೂ ಕಳಿಸಿದೆ. ಮಾರನೆಯ ವರ್ಷ ನಾನು ವಾಟ್ಸಾಪಿನಲ್ಲಿ ಕಳಿಸಿದ್ದಕ್ಕೆ ಒಂದೇ ಟಿಕ್ ಬಿತ್ತು, ತಲುಪಲಿಲ್ಲ. ಬಹುಶಃ ನಂಬರು ಬದಲಾಗಿತ್ತು.

ಆ ಕಾರ್ಡು ಕಳ್ಳತನವೇ ಎಂದು ಈಗ ಯಾರಾದರೂ ಕೇಳಿದರೆ ಹೌದು ಅನ್ನುತ್ತೇನೆ, ಸುತ್ತುಬಳಸು ಮಾಡುವುದಿಲ್ಲ. ಕಾರ್ಡಲ್ಲ, ಅದರೊಳಗೆ ತುಂಬಿದ್ದು. ಅದನ್ನು ಆಡಿದ್ದಕ್ಕೆ ವಿಷಾದವಿದೆಯೇ ಎಂದು ಕೇಳಿದರೆ ಮಾತ್ರ ಉತ್ತರ ಹೇಳಲು ನನಗೆ ಕಷ್ಟ. ಒಪ್ಪಿಕೊಳ್ಳುವುದಕ್ಕೆ ನನಗೆ ನಾಚಿಕೆಯಾಗುವುದು ಏನೂ ಹೇಳದೆ ಕವರು ಕೊಟ್ಟ ಆ ಶುಕ್ರವಾರದ ಬಗ್ಗೆ.

ಅವರು ಹೋದ ಮೇಲೂ ಸ್ವಲ್ಪ ದಿನ ಟೆರೇಸಿಗೆ ಹೋದೆ. ಬೇಸಿಗೆ ಬಂದ ಮೇಲೆ ಬಿಟ್ಟೆ. ನನ್ನ ಮೇಜಿನ ಹತ್ತಿರವೇ ಉಣ್ಣುತ್ತಿದ್ದೆ. ಒಂದು ದಿನ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಊಟದ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ನಿಂತು, "ಇಲ್ಲಿ ಕೂರಬಹುದಾ ಮೇಡಂ?" ಅಂದಳು. ಕುರ್ಚಿಯ ಮೇಲಿದ್ದ ಕಾಗದಗಳನ್ನು ತೆಗೆದು ಜಾಗ ಮಾಡಿಕೊಟ್ಟೆ. ಅವಳು ಫೋನಿನಲ್ಲಿ ಏನನ್ನೋ ನೋಡುತ್ತಾ ಉಂಡು ಎದ್ದುಹೋದಳು.